ಒಂದೇ ನಟ್ಟಿನ ಮೇಲೆ ನಿಂತ ಗಾಲಿ

ಸ್ಕೂಟರಿನ ಹಿಂದಿನ ಗಾಲಿಯನ್ನು ಹಿಡಿದು ನಿಲ್ಲಿಸುವುದು ಒಂದೇ ಒಂದು ನಟ್ಟು. ಮೋಟರ್ ಸೈಕಲಿನಲ್ಲಿ ಗಾಲಿಯ ಎರಡೂ ಬದಿಗೆ ಕಬ್ಬಿಣದ ತೋಳುಗಳಿರುತ್ತವೆ; ಎಕ್ಸಲ್ ಒಂದು ತೋಳಿನಿಂದ ಇನ್ನೊಂದು ತೋಳಿಗೆ ಹಾಯ್ದುಹೋಗುತ್ತದೆ. ಪೆಟ್ರೋಲ್ ಸ್ಕೂಟರಿನ ರಚನೆ ಬೇರೆ. ಎಂಜಿನ್, ಬೆಲ್ಟ್ ಮತ್ತು ಗೇರ್ ಪೆಟ್ಟಿಗೆ ಸೇರಿ ಎಡಬದಿಯಲ್ಲಿ ಒಂದೇ ಅಂಗವಾಗಿ ತೂಗುತ್ತಿರುತ್ತವೆ. ಆ ಗೇರ್ ಪೆಟ್ಟಿಗೆಯಿಂದ ಬಲಕ್ಕೆ ಚಾಚಿಕೊಂಡ ಎಕ್ಸಲಿನ ಮೇಲೆ ಗಾಲಿ ಕೂತಿರುತ್ತದೆ. ಎಕ್ಸಲಿನ ಮೈಮೇಲೆ ಉದ್ದಕ್ಕೆ ಹಲ್ಲುಗಳಿವೆ, ಗಾಲಿಯ ನಡುತೂತಿನಲ್ಲಿ ಅವಕ್ಕೆ ಹೊಂದುವ ಕಚ್ಚುಗಳಿವೆ. ಗಾಲಿಯನ್ನು ತಿರುಗಿಸುವ ಬಲ ಈ ಹಲ್ಲುಗಳ ಮೂಲಕ ಹೋಗುತ್ತದೆ. ಗಾಲಿ ಹೊರಗೆ ಜಾರದಂತೆ ತಡೆಯುವುದು ಮಾತ್ರ ತುದಿಯ ನಟ್ಟಿನ ಕೆಲಸ. ಕೆಲವು ಮಾದರಿಗಳಲ್ಲಿ ಬಲಬದಿಗೂ ಒಂದು ಆಧಾರದ ತೋಳು ಇರುತ್ತದೆ. ಆದರೆ ರಸ್ತೆಯಲ್ಲಿ ಹೆಚ್ಚಾಗಿ ಕಾಣುವ 110 ಸಿಸಿ ಸ್ಕೂಟರುಗಳಲ್ಲಿ ಅದಿಲ್ಲ.

ಈ ರಚನೆಯಿಂದ ಅನುಕೂಲವೂ ಇದೆ, ಅಪಾಯವೂ ಇದೆ. ಚೈನ್ ಇಲ್ಲವಾದ್ದರಿಂದ ಅದರ ಬಿಗಿ ನೋಡುವ, ಗಾಲಿಯನ್ನು ನೇರಕ್ಕೆ ತರುವ ತಾಪತ್ರಯವಿಲ್ಲ. ನಟ್ಟು ಬಿಚ್ಚಿ ಎಳೆದರೆ ಗಾಲಿ ಕೈಗೆ ಬರುತ್ತದೆ, ತಳ್ಳಿದರೆ ತನ್ನ ಜಾಗದಲ್ಲಿ ಕೂರುತ್ತದೆ. ಆದರೆ ಆ ಒಂದು ನಟ್ಟು ಸಡಿಲಾದರೆ ಗಾಲಿಗೆ ಬೇರೆ ಆಸರೆಯಿಲ್ಲ. ಟೈರ್ ಬದಲಿಸುವ ಕೆಲಸದಲ್ಲಿ ಬಿಚ್ಚುವುದಕ್ಕಿಂತ ಕೂಡಿಸುವುದಕ್ಕೆ ಹೆಚ್ಚು ಗಮನ ಬೇಕಾಗಿರುವುದು ಇದೇ ಕಾರಣಕ್ಕೆ.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಈ ಕೆಲಸ ಮೇಲಿಂದ ಮೇಲೆ ಬರುತ್ತದೆ. ಹೊಲದ ದಾರಿಗಳಲ್ಲಿ ಜಾಲಿಮುಳ್ಳು, ಮಳೆಗಾಲದಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ಮೆತ್ತಿಕೊಳ್ಳುವ ಎರೆಮಣ್ಣು, ಕಬ್ಬಿನ ಸುಗ್ಗಿ ಶುರುವಾದ ಮೇಲೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆಯತ್ತ ಸಾಲುಗಟ್ಟುವ ಟ್ರ್ಯಾಕ್ಟರ್ ಟ್ರೇಲರುಗಳು ಕಿತ್ತುಬಿಟ್ಟ ರಸ್ತೆಯ ಅಂಚು: ಎಲ್ಲದರ ಪೆಟ್ಟು ಬೀಳುವುದು ಟೈರಿಗೆ. ಅದರಲ್ಲೂ ಹಿಂದಿನ ಟೈರಿಗೆ. ಎಂಜಿನ್ನಿನ ಭಾರ, ಹಿಂದೆ ಕೂತವರ ಭಾರ, ಮುಂದಕ್ಕೆ ತಳ್ಳುವ ಬಲ ಎಲ್ಲವನ್ನೂ ಅದೇ ಹೊರುತ್ತದೆ. ಜೊತೆಗೆ ಅದು ಚಿಕ್ಕದು. ಆಕ್ಟಿವಾ ಸ್ಕೂಟರಿನ ಹಿಂದಿನ ಟೈರಿನ ಅಳತೆ 90/100-10. ಅಂದರೆ 90 ಮಿಲಿಮೀಟರ್ ಅಗಲ, ಅಗಲದಷ್ಟೇ ಎತ್ತರದ ಬದಿ, 10 ಇಂಚಿನ ರಿಮ್. ಸುತ್ತಳತೆ ಲೆಕ್ಕ ಹಾಕಿದರೆ ಸುಮಾರು 1.36 ಮೀಟರ್ ಬರುತ್ತದೆ. ಕಿತ್ತೂರಿನಿಂದ ಧಾರವಾಡ ಮುಟ್ಟುವ ಸುಮಾರು 30 ಕಿಲೋಮೀಟರಿನಲ್ಲಿ ಈ ಗಾಲಿ 22 ಸಾವಿರದಷ್ಟು ಸುತ್ತು ತಿರುಗಿರುತ್ತದೆ.

ಟೈರ್ ಬದಲಿಸುವ ಹೊತ್ತು ಬಂದಿದೆಯೇ ಎಂಬುದನ್ನು ಟೈರೇ ಹೇಳುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಗೀರಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟೈರಿನ ಮೈ ಸವೆದು ಆ ಉಬ್ಬಿಗೆ ಸಮನಾದರೆ ಆಯುಷ್ಯ ಮುಗಿಯಿತೆಂದು ಅರ್ಥ. ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2324 ಎಂದಿದ್ದರೆ 2024ರ 23ನೇ ವಾರ. ಹೊಸ ಟೈರ್ ಕೊಳ್ಳುವಾಗ ಈ ಅಂಕಿಯನ್ನು ನೋಡಲೇಬೇಕು. ವರ್ಷಗಟ್ಟಲೆ ಅಂಗಡಿಯ ಬಿಸಿಲಿನಲ್ಲಿ ತೂಗಿದ ಟೈರ್ ನೋಡಲು ಹೊಸದಾದರೂ ರಬ್ಬರು ಗಡಸಾಗಿರುತ್ತದೆ. ಅಳತೆಯ ಪಕ್ಕದ 53ಜೆ ಎಂಬ ಗುರುತು ಆ ಟೈರ್ 206 ಕಿಲೋ ಭಾರ ಹೊರಬಲ್ಲದು, ಗಂಟೆಗೆ 100 ಕಿಲೋಮೀಟರ್ ವೇಗ ತಾಳಬಲ್ಲದು ಎಂದು ಸೂಚಿಸುತ್ತದೆ. ಹಳೆಯ ಟೈರಿಗಿಂತ ಅಗಲವಾದದ್ದನ್ನು ಹಾಕಿಸಿಕೊಳ್ಳುವ ಆಸೆ ಹಲವರಿಗಿದೆ. ಆದರೆ ಹಿಂದಿನ ಗಾಲಿಗೂ ಗೇರ್ ಪೆಟ್ಟಿಗೆಗೂ ನಡುವಿನ ಸಂದು ಅದಕ್ಕೆ ಸಾಲದು. ಕಂಪನಿ ಹೇಳಿದ ಅಳತೆಯನ್ನೇ ಹಾಕಬೇಕು.

ಹಳೆಯ ಬಜಾಜ್ ಚೇತಕ್ ಕಂಡವರಿಗೆ ಈ ಕೆಲಸದ ಬೇರೊಂದು ಬಗೆ ಗೊತ್ತಿದೆ. 1972ರಲ್ಲಿ ಬಂದ ಆ ಸ್ಕೂಟರ್ ಇಟಲಿಯ ವೆಸ್ಪಾದ ವಂಶದ್ದು. ಅದರ ಎಂಜಿನ್ ಬಲಬದಿಗಿತ್ತು. ಗಾಲಿ ಎಡಕ್ಕೆ ಹೊರಬರುತ್ತಿತ್ತು. ನಡುವಿನ ದೊಡ್ಡ ನಟ್ಟನ್ನು ಮುಟ್ಟುವ ಪ್ರಸಂಗವೇ ಇರಲಿಲ್ಲ. ಕಾರಿನ ಗಾಲಿಯಂತೆ ಡ್ರಮ್ಮಿನ ಸುತ್ತಲಿನ ನಟ್ಟುಗಳನ್ನು ಬಿಚ್ಚಿದರೆ ಸಾಕು, ರಿಮ್ ಕಳಚುತ್ತಿತ್ತು. ಮುಂದಿನದೂ ಹಿಂದಿನದೂ 3.50-10 ಅಳತೆಯ ಒಂದೇ ಗಾಲಿಯಾಗಿದ್ದರಿಂದ ಒಂದು ಸ್ಟೆಪ್ನಿ ಎರಡಕ್ಕೂ ಒದಗುತ್ತಿತ್ತು. ಪಂಕ್ಚರ್ ಅಂಗಡಿ ಸಿಗದ ದಾರಿಯಲ್ಲಿ ಸ್ಕೂಟರನ್ನು ಒಂದು ಬದಿಗೆ ವಾಲಿಸಿ ಮನೆಮಂದಿಯೇ ಗಾಲಿ ಬದಲಿಸಿಕೊಳ್ಳುತ್ತಿದ್ದರು. ರಿಮ್ ಎರಡು ಹೋಳಿನದು. ಹೋಳುಗಳನ್ನು ಬೇರ್ಪಡಿಸಿದರೆ ಟೈರ್ ತಾನಾಗಿ ಕೈಗೆ ಬರುತ್ತಿತ್ತು, ಲಿವರ್ ಹಾಕಿ ಮೀಟುವ ಕೆಲಸವಿರಲಿಲ್ಲ. ಆದರೆ ಗಾಲಿಯನ್ನು ಡ್ರಮ್ಮಿಗೆ ಹಿಡಿಯುವ ನಟ್ಟುಗಳು ಬೇರೆ, ಎರಡು ಹೋಳುಗಳನ್ನು ಕೂಡಿಸುವ ನಟ್ಟುಗಳು ಬೇರೆ. ಹವಾ ತುಂಬಿರುವಾಗಲೇ ಹೋಳಿನ ನಟ್ಟುಗಳನ್ನು ಬಿಚ್ಚಿದರೆ ರಿಮ್ ಸಿಡಿದು ಮುಖಕ್ಕೆ ಬಡಿಯುವಷ್ಟು ಒತ್ತಡ ಒಳಗಿರುತ್ತದೆ. ಈಗಲೂ ಆ ಸ್ಕೂಟರುಗಳನ್ನು ಜೋಪಾನ ಮಾಡಿಕೊಂಡಿರುವವರು ಮೊದಲು ವಾಲ್ವಿನ ಪಿನ್ನು ತೆಗೆದು ಹವಾ ಪೂರ್ತಿ ಬಿಟ್ಟ ಮೇಲೆಯೇ ಪಾನಾ ಹಚ್ಚಬೇಕು.

ಇನ್ನೊಂದು ತುದಿಯಲ್ಲಿ ಬ್ಯಾಟರಿ ಸ್ಕೂಟರುಗಳಿವೆ. 2020ರಲ್ಲಿ ಬಂದ ಟಿವಿಎಸ್ ಐಕ್ಯೂಬ್‌ನಲ್ಲಿ ಮೋಟಾರು ಹಿಂದಿನ ಗಾಲಿಯ ಒಳಗೇ ಇದೆ. ವಿದ್ಯುತ್ ತಂತಿಗಳು ಎಕ್ಸಲಿನ ಪಕ್ಕದಿಂದ ಒಳಹೋಗುತ್ತವೆ. ಗಾಲಿ ಬಿಚ್ಚುವುದೆಂದರೆ ಮೋಟಾರನ್ನೇ ಬಿಚ್ಚಿದಂತೆ. ತಂತಿ ಜಗ್ಗಿದರೆ ಅಥವಾ ತಿರುಚಿದರೆ ಆಗುವ ಹಾನಿ ಟೈರಿನ ಬೆಲೆಯನ್ನು ಎಷ್ಟೋ ಮೀರುತ್ತದೆ. ಬೆಂಗಳೂರಿನ ಏಥರ್‌ನಂಥ ಸ್ಕೂಟರುಗಳಲ್ಲಿ ಮೋಟಾರು ನಡುವೆ ಇದ್ದು, ಬೆಲ್ಟ್ ಹಿಂದಿನ ಗಾಲಿಯನ್ನು ತಿರುಗಿಸುತ್ತದೆ. ಅಲ್ಲಿ ಗಾಲಿ ಕೂಡಿಸಿದ ಮೇಲೆ ಬೆಲ್ಟಿನ ಬಿಗಿ ಸರಿಹೊಂದಿಸಬೇಕು. ಈ ಎರಡು ಬಗೆಗಳನ್ನೂ ಕಂಪನಿಯ ಸರ್ವೀಸ್ ಕೇಂದ್ರಕ್ಕೆ ಒಯ್ಯುವುದೇ ಸರಿ. ಮುಂದಿನ ವಿವರಣೆಯೆಲ್ಲ ಸಾಮಾನ್ಯ ಪೆಟ್ರೋಲ್ ಸ್ಕೂಟರಿನದು.

ಕೆಲಸಕ್ಕೆ ಬೇಕಾಗುವ ಸಾಮಾನು ಹೆಚ್ಚಿಲ್ಲ. ಎಕ್ಸಲ್ ನಟ್ಟಿಗೆ ಹೊಂದುವ ಗೋಟಿ ಪಾನಾ (ಬಹಳಷ್ಟು ಸ್ಕೂಟರುಗಳಿಗೆ 22 ಅಥವಾ 24 ಮಿಲಿಮೀಟರಿನದು), ಅದಕ್ಕೆ ಉದ್ದನೆಯ ಹಿಡಿಕೆ, ಸೈಲೆನ್ಸರ್ ಬೋಲ್ಟುಗಳಿಗೆ ಬೇರೆ ಪಾನಾಗಳು, ವಾಲ್ವ್ ಪಿನ್ನು ತೆಗೆಯುವ ಸಣ್ಣ ಸಾಧನ, ಟೈರ್ ಲಿವರುಗಳು, ಸೋಪಿನ ನೀರು, ಟಾರ್ಕ್ ಪಾನಾ. ಕೊನೆಯದು ಪಂಕ್ಚರ್ ಅಂಗಡಿಗಳಲ್ಲಿ ಅಪರೂಪ, ಬೇಕಾಗಿರುವುದು ಮಾತ್ರ ಅದೇ ಎಲ್ಲಕ್ಕಿಂತ ಹೆಚ್ಚು. ಸಮತಟ್ಟಾದ ಗಟ್ಟಿ ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಗಾಲಿ ನೆಲ ಬಿಟ್ಟು ಮೇಲೇಳುತ್ತದೆ. ಎರೆಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗದಂತೆ ಕೆಳಗೆ ಹಲಗೆ ಕೊಡಬೇಕು. ಮುಂದಿನ ಗಾಲಿಗೆ ಕಲ್ಲು ಇಟ್ಟರೆ ಗಾಡಿ ಮುಂದೆ ಸರಿಯುವುದಿಲ್ಲ.

ಮೊದಲ ತಡೆ ಸೈಲೆನ್ಸರ್. ಗಾಲಿ ಬಲಕ್ಕೆ ಹೊರಬರಬೇಕು, ಆ ದಾರಿಯನ್ನು ಸೈಲೆನ್ಸರ್ ಅಡ್ಡಗಟ್ಟಿರುತ್ತದೆ. ಗಾಡಿ ಓಡಿಸಿಕೊಂಡು ಬಂದ ತಕ್ಷಣ ಅದನ್ನು ಮುಟ್ಟಬಾರದು. ಸುಡುವುದಷ್ಟೇ ಅಲ್ಲ, ಬಿಸಿಯಲ್ಲಿ ಬೋಲ್ಟಿನ ಸುರುಳಿ ಹಾಳಾಗುವ ಸಂಭವವೂ ಇದೆ. ಎಂಜಿನ್ನಿನ ಬುಡದಲ್ಲಿ ಕೊಳವೆ ಸೇರುವಲ್ಲಿ ಎರಡು ಸಣ್ಣ ನಟ್ಟುಗಳು, ಹಿಂದೆ ಗಾಲಿಯ ಪಕ್ಕದಲ್ಲಿ ದಪ್ಪ ಬೋಲ್ಟುಗಳು ಇರುತ್ತವೆ. ಬುಡದ ನಟ್ಟುಗಳಿಗೆ ನೀರು, ಮಣ್ಣು, ಕಾವು ಮೂರೂ ತಾಗುವುದರಿಂದ ತುಕ್ಕು ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಅಥವಾ ಚಿಮಣಿ ಎಣ್ಣೆ ಹನಿಸಿ ಹತ್ತಾರು ನಿಮಿಷ ಕಾದರೆ ಅವು ಸಡಿಲುತ್ತವೆ. ಅವಸರದಲ್ಲಿ ತಿರುವಿದರೆ ಎಂಜಿನ್ನಿಗೆ ಕೂರಿಸಿದ ಸ್ಟಡ್ ಮುರಿಯುತ್ತದೆ, ಆಮೇಲೆ ಟೈರಿನ ಕೆಲಸ ಎಂಜಿನ್ನಿನ ಕೆಲಸವಾಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಸೈಲೆನ್ಸರಿನ ಕೊಳವೆಗೆ ಸೆನ್ಸರಿನ ತಂತಿ ಜೋಡಿಸಿದ್ದರೆ ಅದರ ಕೊಂಡಿಯನ್ನು ಮೊದಲೇ ಕಳಚಬೇಕು.

ಕೆಲವು ಮಿಸ್ತ್ರಿಗಳು ಬುಡದ ನಟ್ಟುಗಳನ್ನು ಮುಟ್ಟದೆ, ಹಿಂದಿನ ಬೋಲ್ಟುಗಳನ್ನಷ್ಟೇ ಬಿಚ್ಚಿ ಸೈಲೆನ್ಸರನ್ನು ಪಕ್ಕಕ್ಕೆ ಬಗ್ಗಿಸಿ ಗಾಲಿ ತೆಗೆಯುತ್ತಾರೆ. ಸಮಯ ಉಳಿಯುತ್ತದೆ ನಿಜ. ಆದರೆ ಸೈಲೆನ್ಸರಿನ ಇಡೀ ಭಾರ ಬುಡದ ಆ ಎರಡು ಸಣ್ಣ ಸ್ಟಡ್‌ಗಳ ಮೇಲೆ ಬಿದ್ದು, ಬೆಸುಗೆ ಬಿಡುವುದಕ್ಕೂ ಹೊಗೆ ಸೋರುವುದಕ್ಕೂ ದಾರಿಯಾಗುತ್ತದೆ. ಪೂರ್ತಿ ಬಿಚ್ಚಿ ಕೆಳಗಿಳಿಸುವುದೇ ಒಳ್ಳೆಯದು.

ಸೈಲೆನ್ಸರ್ ಹೋದ ಮೇಲೆ ಎಕ್ಸಲ್ ನಟ್ಟು ಎದುರಿಗೆ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ನಟ್ಟಿಗೆ ಸ್ಪ್ಲಿಟ್ ಪಿನ್ನು ಇರುತ್ತದೆ, ಕೆಲವುದರಲ್ಲಿ ನಟ್ಟೇ ತನ್ನನ್ನು ತಾನು ಬಿಗಿಹಿಡಿಯುವ ಬಗೆಯದು. ಪಿನ್ನಿದ್ದರೆ ನೇರಮಾಡಿ ಎಳೆದು ತೆಗೆಯಬೇಕು. ಅದೇ ಪಿನ್ನನ್ನು ಮತ್ತೆ ಬಳಸಬಾರದು. ನಟ್ಟು ತಿರುಗಿಸುವಾಗ ಗಾಲಿಯೂ ತಿರುಗುತ್ತದೆ. ಅದಕ್ಕಾಗಿ ಒಬ್ಬರು ಎಡಗೈಯ ಬ್ರೇಕನ್ನು ಗಟ್ಟಿಯಾಗಿ ಹಿಡಿದಿರಬೇಕು. ಬ್ರೇಕ್ ಲಾಕ್ ಕ್ಲಿಪ್ ಇರುವ ಗಾಡಿಯಲ್ಲಿ ಅದನ್ನು ಹಾಕಿಕೊಂಡರೆ ಒಬ್ಬರೇ ಮಾಡಬಹುದು. ಗಾಲಿಯ ಕಡ್ಡಿಗಳ ಸಂದಿನಲ್ಲಿ ಕಬ್ಬಿಣದ ಸಲಾಕೆ ತೂರಿಸಿ ತಡೆಯುವ ಅಭ್ಯಾಸ ಅಲಾಯ್ ಗಾಲಿಗಳಿಗೆ ಬಿರುಕು ತರುತ್ತದೆ. ಡಬಲ್ ಸ್ಟ್ಯಾಂಡಿನ ಮೇಲಿರುವ ಗಾಡಿಗೆ ಮೇಲಿನಿಂದ ಕೆಳಕ್ಕೆ ಬಲ ಹಾಕಬೇಕು. ಹಿಡಿಕೆಯನ್ನು ಮೇಲಕ್ಕೆ ಎಳೆದರೆ ಗಾಡಿ ಸ್ಟ್ಯಾಂಡ್ ಬಿಟ್ಟು ಉರುಳೀತು.

ನಟ್ಟು ಬಂದ ಬಳಿಕ ಅದರ ಹಿಂದಿನ ವಾಷರುಗಳು ಯಾವ ಕ್ರಮದಲ್ಲಿ, ಯಾವ ಮುಖ ಹೊರಗಾಗಿ ಇದ್ದವು ಎಂಬುದನ್ನು ನೆನಪಿಡಬೇಕು. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಕೂಡಿಸುವಾಗ ಗೊಂದಲವಿಲ್ಲ. ಎರಡೂ ಕೈಯಿಂದ ಗಾಲಿಯನ್ನು ಹಿಡಿದು ಅತ್ತಿತ್ತ ಸ್ವಲ್ಪ ಅಲುಗಿಸುತ್ತ ಬಲಕ್ಕೆ ಎಳೆದರೆ ಅದು ಬರುತ್ತದೆ. ಬರದಿದ್ದರೆ ಕಾರಣ ಸಾಮಾನ್ಯವಾಗಿ ಎರಡು: ಬ್ರೇಕ್ ಶೂಗಳು ಡ್ರಮ್ಮಿಗೆ ಅಂಟಿಕೊಂಡಿರುತ್ತವೆ, ಇಲ್ಲವೆ ಎಕ್ಸಲಿನ ಹಲ್ಲುಗಳಿಗೆ ತುಕ್ಕು ಹಿಡಿದಿರುತ್ತದೆ. ಮೊದಲನೆಯದಕ್ಕೆ ಬ್ರೇಕ್ ಕೇಬಲಿನ ತುದಿಯ ನಟ್ಟನ್ನು ಸಡಿಲಿಸಿದರೆ ಸಾಕು. ಎರಡನೆಯದಕ್ಕೆ ಎಣ್ಣೆ ಹನಿಸಿ ಕಾಯಬೇಕು. ಸುತ್ತಿಗೆಯಿಂದ ಹೊಡೆಯಲೇಬಾರದು, ಆ ಪೆಟ್ಟು ನೇರವಾಗಿ ಗೇರ್ ಪೆಟ್ಟಿಗೆಯ ಬೇರಿಂಗಿಗೆ ಹೋಗುತ್ತದೆ.

ಗಾಲಿ ಹೊರಗಿರುವ ಹೊತ್ತು ನೋಡಬೇಕಾದದ್ದು ಬಹಳವಿದೆ. ಈ ಜಾಗ ಮತ್ತೆ ಕಣ್ಣಿಗೆ ಬೀಳುವುದು ಮುಂದಿನ ಟೈರ್ ಸವೆದಾಗಲೇ. ಬ್ರೇಕ್ ಶೂಗಳ ಲೈನರ್ ಎಷ್ಟು ದಪ್ಪ ಉಳಿದಿದೆ, ಡ್ರಮ್ಮಿನ ಒಳಮೈಯಲ್ಲಿ ಗೀರು ಬಿದ್ದಿದೆಯೇ ಎಂದು ಪರೀಕ್ಷಿಸಬೇಕು. ಡ್ರಮ್ಮಿನ ಮೇಲೆ ಗರಿಷ್ಠ ವ್ಯಾಸ ಕೆತ್ತಿದ್ದರೆ ಅದನ್ನು ಮೀರಿರಬಾರದು. ಬ್ರೇಕಿನ ದೂಳನ್ನು ಕಂಪ್ರೆಸರಿನ ಹವಾದಿಂದ ಊದಿ ಹಾರಿಸುವುದು ಎಲ್ಲೆಲ್ಲೂ ಕಾಣುವ ರೂಢಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ, ಆ ದೂಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ದಿನವಿಡೀ ಇದೇ ಕೆಲಸ ಮಾಡುವ ಹುಡುಗರಿಗೆ ಇದು ದೊಡ್ಡ ಅಪಾಯ. ಒದ್ದೆ ಬಟ್ಟೆಯಿಂದ ಒರೆಸಬೇಕು. ಎಕ್ಸಲ್ ಹೊರಬರುವ ಜಾಗದಲ್ಲಿ ಎಣ್ಣೆಯ ಪಸೆ ಕಂಡರೆ ಗೇರ್ ಪೆಟ್ಟಿಗೆಯ ಆಯಿಲ್ ಸೀಲ್ ಹೋಗಿದೆ ಎಂದರ್ಥ. ಒಳಗಿರುವ ಗೇರ್ ಎಣ್ಣೆಯೇ ಆಕ್ಟಿವಾದಂಥ ಗಾಡಿಯಲ್ಲಿ ಸುಮಾರು 120 ಮಿಲಿಲೀಟರ್ ಮಾತ್ರ. ಅದು ಸೋರಿ ಬ್ರೇಕಿಗೆ ತಾಗಿದರೆ ಗೇರೂ ಕೆಡುತ್ತದೆ, ಬ್ರೇಕೂ ಹಿಡಿಯುವುದಿಲ್ಲ. ಸೀಲಿನ ಬೆಲೆ ಚಿಲ್ಲರೆ. ಅದನ್ನು ಬದಲಿಸದೆ ಹೊಸ ಟೈರ್ ಹಾಕಿ ಕಳಿಸುವುದು ತಪ್ಪು.

ಇನ್ನು ರಿಮ್ಮಿನಿಂದ ಟೈರ್ ಬಿಡಿಸುವ ಕೆಲಸ. ಇಲ್ಲಿ ತೋಳಿನ ಬಲಕ್ಕಿಂತ ರಿಮ್ಮಿನ ಆಕಾರ ತಿಳಿದಿರುವುದು ಮುಖ್ಯ. ಟೈರಿನ ಎರಡೂ ಅಂಚಿನೊಳಗೆ ಉಕ್ಕಿನ ತಂತಿಯ ಬಳೆ ಹುದುಗಿದೆ. ಆ ಬಳೆ ಹಿಗ್ಗುವುದಿಲ್ಲ. ರಿಮ್ಮಿನ ಅಂಚು ಬಳೆಗಿಂತ ದೊಡ್ಡದು. ಹಾಗಿದ್ದೂ ಟೈರ್ ಹೊರಬರುವುದು ಹೇಗೆಂದರೆ, ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇದೆ. ಟೈರಿನ ಅಂಚನ್ನು ಒಂದು ಕಡೆ ಆ ತಗ್ಗಿಗೆ ಇಳಿಸಿದರೆ ಎದುರಿನ ಕಡೆ ಅಷ್ಟು ಸಡಿಲು ಸಿಗುತ್ತದೆ, ಆ ಸಡಿಲಿನಲ್ಲಿ ಅಂಚನ್ನು ಲಿವರಿನಿಂದ ಮೇಲೆತ್ತಬಹುದು. ಇದು ಗೊತ್ತಿಲ್ಲದೆ ಮೀಟಿದರೆ ಲಿವರ್ ಬಗ್ಗುತ್ತದೆ, ಅಲಾಯ್ ರಿಮ್ ಚಕ್ಕೆಯೇಳುತ್ತದೆ, ಬಳೆಯ ತಂತಿ ತುಂಡಾಗುತ್ತದೆ. 10 ಇಂಚಿನ ಟ್ಯೂಬ್‌ಲೆಸ್ ಟೈರಿನ ಅಂಚು ವಿಶೇಷವಾಗಿ ಬಿರುಸು. ವಾಲ್ವಿನ ಪಿನ್ನು ತೆಗೆದು ಹವಾ ಬಿಟ್ಟು, ಅಂಚನ್ನು ಸುತ್ತಲೂ ಒತ್ತಿ ರಿಮ್ಮಿನಿಂದ ಬಿಡಿಸಿ, ಸೋಪಿನ ನೀರು ಧಾರಾಳವಾಗಿ ಹಚ್ಚಿ, ಒಂದು ಕಡೆ ಮೊಣಕಾಲಿನಿಂದ ಒತ್ತಿ ಹಿಡಿದು, ಎದುರಿನ ಕಡೆ ಸ್ವಲ್ಪ ಸ್ವಲ್ಪವೇ ಎತ್ತುತ್ತ ಹೋಗಬೇಕು. ಸೋಪಿನ ಬದಲು ಎಂಜಿನ್ ಆಯಿಲ್ ಅಥವಾ ಗ್ರೀಸ್ ಹಚ್ಚಿದರೆ ರಬ್ಬರ್ ಕೆಡುತ್ತದೆ, ಮುಂದೆ ಜೋರಾಗಿ ಬ್ರೇಕ್ ಹಾಕಿದಾಗ ಟೈರ್ ರಿಮ್ಮಿನ ಮೇಲೆ ಜಾರುವ ಭಯವಿರುತ್ತದೆ.

ಹೊಸ ಟೈರ್ ಏರಿಸುವ ಮುನ್ನ ರಿಮ್ಮಿನ ಅಂಚಿನ ತುಕ್ಕು, ಒಣಗಿದ ಮಣ್ಣು, ಹಳೆಯ ರಬ್ಬರಿನ ಚೂರನ್ನು ಉಜ್ಜಿ ತೆಗೆಯಬೇಕು. ಟ್ಯೂಬ್‌ಲೆಸ್ ಗಾಲಿಯಲ್ಲಿ ಹವಾ ನಿಲ್ಲುವುದು ಈ ಅಂಚಿನ ಬಿಗಿಯಿಂದಲೇ. ರಬ್ಬರಿನ ವಾಲ್ವನ್ನೂ ಟೈರಿನ ಜೊತೆಗೇ ಹೊಸದು ಹಾಕುವುದು ಒಳ್ಳೆಯದು. ಟೈರಿನ ಬದಿಯಲ್ಲಿರುವ ಬಾಣ ಗಾಲಿ ಮುಂದಕ್ಕೆ ತಿರುಗುವ ದಿಕ್ಕನ್ನು ತೋರಬೇಕು. ಬಣ್ಣದ ಚುಕ್ಕೆಯಿದ್ದರೆ ಅದು ಟೈರಿನ ಹಗುರ ಭಾಗ, ವಾಲ್ವಿನ ಪಕ್ಕಕ್ಕೇ ಬರುವಂತೆ ಕೂರಿಸಬೇಕು. ಏರಿಸುವ ಕೆಲಸವನ್ನು ವಾಲ್ವಿನ ಎದುರುಬದಿಯಲ್ಲಿ ಆರಂಭಿಸಿ ವಾಲ್ವಿನ ಹತ್ತಿರ ಮುಗಿಸಬೇಕು. ವಾಲ್ವಿನ ಬುಡ ತಗ್ಗಿನ ಜಾಗವನ್ನು ತಿನ್ನುವುದರಿಂದ, ಕೊನೆಯ ಬಿಗಿಯ ಹೊತ್ತಿಗೆ ಅಂಚು ಎದುರುಬದಿಯ ತಗ್ಗಿನಲ್ಲಿರಬೇಕು. ಟ್ಯೂಬ್ ಇರುವ ಗಾಲಿಯಲ್ಲಿ ಟ್ಯೂಬಿಗೆ ಸ್ವಲ್ಪ ಹವಾ ಕೊಟ್ಟು ದುಂಡಗೆ ಮಾಡಿ ಒಳಗಿಟ್ಟರೆ ಲಿವರಿನ ತುದಿಗೆ ಸಿಕ್ಕಿ ಕಚ್ಚಿಹೋಗುವುದು ತಪ್ಪುತ್ತದೆ.

ಹವಾ ತುಂಬುವಾಗ ಅಂಚುಗಳು ಟಪ್ ಟಪ್ ಎಂದು ಎರಡು ಸಲ ಸದ್ದು ಮಾಡಿ ರಿಮ್ಮಿಗೆ ಕೂರುತ್ತವೆ. ಕೂರದಿದ್ದರೆ ಟೈರಿನ ಮೇಲೆ ಬರೆದ ಗರಿಷ್ಠ ಮಿತಿ ಮೀರಿ ಹವಾ ಹೊಡೆಯದೆ, ಇಳಿಸಿ ಮತ್ತೆ ಸೋಪಿನ ನೀರು ಹಚ್ಚಿ ಪ್ರಯತ್ನಿಸಬೇಕು. ಟೈರಿನ ಬದಿಯಲ್ಲಿ ರಿಮ್ಮಿಗೆ ಸಮೀಪ ಒಂದು ತೆಳುಗೆರೆ ಸುತ್ತುವರಿದಿದೆ. ಅದು ಎಲ್ಲ ಕಡೆ ರಿಮ್ಮಿನಿಂದ ಸಮ ದೂರದಲ್ಲಿ ಕಂಡರೆ ಟೈರ್ ಸರಿಯಾಗಿ ಕೂತಿದೆ. ಆಕ್ಟಿವಾಕ್ಕೆ ಹಿಂದಿನ ಟೈರಿನ ಒತ್ತಡ ಒಬ್ಬರಿದ್ದಾಗ 29, ಇಬ್ಬರಿದ್ದಾಗ 36 ಪಿಎಸ್‌ಐ. ಬೇರೆ ಗಾಡಿಗಳಿಗೆ ಅವುಗಳ ಕೈಪಿಡಿಯಲ್ಲಿರುವ ಅಂಕಿಯೇ ಪ್ರಮಾಣ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಇಬ್ಬರು ಗಂಟುಮೂಟೆ ಸಮೇತ ಹೊರಡುವ ಮುಂಚೆ ಹೆಚ್ಚಿನ ಅಂಕಿಗೇ ತುಂಬಿಸಿಕೊಳ್ಳಬೇಕು.

ಈಗ ಗಾಲಿಯನ್ನು ಮರಳಿ ಕೂಡಿಸುವುದು. ಎಕ್ಸಲಿನ ಹಲ್ಲುಗಳನ್ನು ಒರೆಸಿ, ಬೆರಳ ತುದಿಯಷ್ಟು ಗ್ರೀಸನ್ನು ತೆಳ್ಳಗೆ ಸವರಿದರೆ ಮುಂದಿನ ಸಲ ತುಕ್ಕಿನ ಕಾಟವಿರುವುದಿಲ್ಲ. ಆ ಗ್ರೀಸ್ ಬ್ರೇಕ್ ಶೂಗಾಗಲಿ ಡ್ರಮ್ಮಿಗಾಗಲಿ ತಾಗಕೂಡದು. ಹಲ್ಲಿಗೆ ಹಲ್ಲು ಹೊಂದಿಸಿ ಗಾಲಿಯನ್ನು ಒಳಕ್ಕೆ ತಳ್ಳಿ, ವಾಷರುಗಳನ್ನು ಇದ್ದ ಕ್ರಮದಲ್ಲೇ ಹಾಕಿ, ನಟ್ಟನ್ನು ಮೊದಲು ಬರಿಗೈಯಲ್ಲಿ ಕೆಲವು ಸುತ್ತು ತಿರುಗಿಸಬೇಕು. ಶುರುವಿಗೇ ಪಾನಾ ಹಚ್ಚಿದರೆ ಸುರುಳಿ ಅಡ್ಡಕಚ್ಚಿದ್ದು ಗೊತ್ತಾಗುವುದಿಲ್ಲ. ವಾಷರ್ ಮರೆತುಹೋದರೆ ನಟ್ಟು ಬಿಗಿಯಾದಂತೆ ಕಂಡರೂ ಗಾಲಿ ಒಳಗೆ ಅಲುಗಾಡುತ್ತಿರುತ್ತದೆ. ಆ ಅಲುಗಾಟದಲ್ಲಿ ಗಾಲಿಯ ನಡುವಿನ ಕಚ್ಚುಗಳು ಸವೆದು ನುಣುಪಾಗುತ್ತವೆ, ಕೊನೆಗೆ ಎಂಜಿನ್ ತಿರುಗಿದರೂ ಗಾಲಿ ತಿರುಗುವುದಿಲ್ಲ.

ನಟ್ಟಿನ ಬಿಗಿ ಎಷ್ಟಿರಬೇಕೆಂಬುದು ಅಂದಾಜಿಗೆ ಬಿಡುವ ವಿಷಯವಲ್ಲ. ಈ ವರ್ಗದ ಸ್ಕೂಟರುಗಳಿಗೆ ಸಾಮಾನ್ಯವಾಗಿ 100ರಿಂದ 120 ನ್ಯೂಟನ್ ಮೀಟರ್ ಬೇಕಾಗುತ್ತದೆ. 120 ಎಂದರೆ ಒಂದು ಮೀಟರ್ ಉದ್ದದ ಹಿಡಿಕೆಯ ತುದಿಗೆ ಸುಮಾರು 12 ಕಿಲೋ ಭಾರ ಹಾಕಿದಷ್ಟು. 40 ಸೆಂಟಿಮೀಟರಿನ ಹಿಡಿಕೆಯಾದರೆ 30 ಕಿಲೋ. ಗಿಡ್ಡ ಪಾನಾದಿಂದ ಈ ಬಿಗಿ ಬರುವುದಿಲ್ಲ. ಉದ್ದನೆಯ ಪೈಪು ಸಿಕ್ಕಿಸಿ ಮೈಭಾರ ಹಾಕಿದರೆ ಮಿತಿ ಮೀರಿ ಸುರುಳಿ ಹರಿಯುತ್ತದೆ. ಹವಾದಿಂದ ತಿರುಗುವ ಗನ್ ಬಿಚ್ಚುವುದಕ್ಕೆ ಸರಿ, ಬಿಗಿಮಾಡುವುದಕ್ಕೆ ಅದನ್ನು ನಂಬಬಾರದು. ಟಾರ್ಕ್ ಪಾನಾ ಬೇಕೆಂದು ಮೊದಲೇ ಹೇಳಿದ್ದು ಈ ಒಂದು ನಟ್ಟಿಗಾಗಿ. ಸ್ಪ್ಲಿಟ್ ಪಿನ್ನಿನ ಬಗೆಯಾದರೆ ಹೊಸ ಪಿನ್ನು ಹಾಕಿ ಕಾಲುಗಳನ್ನು ಮಡಚಬೇಕು. ತಾನೇ ಬಿಗಿಹಿಡಿಯುವ ನಟ್ಟು ಬರಿಗೈಯಲ್ಲಿ ಸಲೀಸಾಗಿ ತುದಿಯವರೆಗೂ ಇಳಿದರೆ ಅದರ ಹಿಡಿತ ಹೋಗಿದೆ, ಹೊಸದು ಹಾಕಬೇಕು.

ಸೈಲೆನ್ಸರ್ ಕೂಡಿಸುವಾಗ ಎಂಜಿನ್ನಿನ ಬುಡದ ಗ್ಯಾಸ್ಕೆಟ್ ಹೊಸದಿರಲಿ. ಎಲ್ಲ ಬೋಲ್ಟುಗಳನ್ನು ಸಡಿಲವಾಗಿ ಹಾಕಿಕೊಂಡು, ಮೊದಲು ಬುಡದ ನಟ್ಟುಗಳನ್ನು, ನಂತರ ಹಿಂದಿನ ಬೋಲ್ಟುಗಳನ್ನು ಬಿಗಿಮಾಡಿದರೆ ಕೊಳವೆ ಸೆಟೆದು ನಿಲ್ಲುವುದಿಲ್ಲ. ಬ್ರೇಕ್ ಕೇಬಲ್ ಸಡಿಲಿಸಿದ್ದರೆ ಮತ್ತೆ ಹೊಂದಿಸಬೇಕು. ಬ್ರೇಕಿನ ಹಿಡಿಕೆ 20ರಿಂದ 30 ಮಿಲಿಮೀಟರ್ ಸರಿದ ಮೇಲೆ ಹಿಡಿಯಲು ಶುರುವಾಗಬೇಕು, ಬಿಟ್ಟಾಗ ಗಾಲಿ ಉಜ್ಜದೆ ತಿರುಗಬೇಕು. 2019ರ ಏಪ್ರಿಲ್ ನಂತರದ 125 ಸಿಸಿವರೆಗಿನ ಗಾಡಿಗಳಲ್ಲಿ ಎಡಗೈಯ ಬ್ರೇಕ್ ಹಿಂದಿನ ಗಾಲಿಯ ಜೊತೆಗೆ ಮುಂದಿನದನ್ನೂ ಹಿಡಿಯುವ ವ್ಯವಸ್ಥೆಯಿದೆ. ಆದ್ದರಿಂದ ಎರಡೂ ಗಾಲಿಗಳನ್ನು ಕೈಯಿಂದ ತಿರುಗಿಸಿ ನೋಡಬೇಕು.

ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ನುಣುಪು ಇರುತ್ತದೆ. ಮೊದಲ ನೂರೈವತ್ತು ಕಿಲೋಮೀಟರ್ ತಿರುವಿನಲ್ಲಿ ವಾಲಿಸದೆ, ಒಮ್ಮೆಗೇ ಬ್ರೇಕ್ ಹಾಕದೆ ಓಡಿಸಬೇಕು. ಮಳೆಯಲ್ಲಿ ಇನ್ನೂ ಎಚ್ಚರ ಬೇಕು. ಅಷ್ಟು ಓಡಿದ ಮೇಲೆ ಎಕ್ಸಲ್ ನಟ್ಟಿನ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ಡಬಲ್ ಸ್ಟ್ಯಾಂಡ್ ಹಾಕಿ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಕಟಕಟ ಸದ್ದು ಬಂದರೆ ಗಾಡಿಯನ್ನು ಮುಂದೆ ಓಡಿಸದೆ ಗ್ಯಾರೇಜಿಗೆ ತೋರಿಸಬೇಕು. ಟೈರ್ ಹಾಕಿಸಿಕೊಳ್ಳುವವರು ಅಂಗಡಿಯವರ ಹತ್ತಿರ ದರ ಕೇಳುವಾಗಲೇ ಟಾರ್ಕ್ ಪಾನಾ ಇದೆಯೇ ಎಂದೂ ಕೇಳಲಿ, ನಟ್ಟನ್ನು ತಮ್ಮೆದುರಿಗೇ ಬಿಗಿಮಾಡಿಸಿಕೊಳ್ಳಲಿ.